ಶಕ್ತಿಮಾನ್ ಲಾರಿ ಸಾಕುವ ಆಸೆಯೇ? ಕೋಲಾರ ಸೀಮೆಯ ಹವ್ಯಾಸಿಗಳಿಗೊಂದು ಮಾರ್ಗದರ್ಶಿ

ಹಳೆಯ ಬುಲೆಟ್, ಪದ್ಮಿನಿ ಕಾರು, ವಿಲ್ಲಿಸ್ ಜೀಪ್ ಇಟ್ಟುಕೊಂಡು ಒರೆಸಿ ಮೆರೆಸುವವರು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಊರಿಗೊಬ್ಬರಾದರೂ ಸಿಗುತ್ತಾರೆ. ಸೇನೆಯಲ್ಲಿ ದುಡಿದ ದೊಡ್ಡ ಲಾರಿ ಇಟ್ಟುಕೊಂಡವರು ಮಾತ್ರ ಕಡಿಮೆ. ಆಸೆ ಇರುವವರೇನೂ ಕಡಿಮೆ ಇಲ್ಲ. ಆಸೆಯಿಂದ ಕೊಂಡು, ಎರಡು ವರ್ಷ ಬಯಲಲ್ಲಿ ನಿಲ್ಲಿಸಿ, ಕೊನೆಗೆ ಗುಜರಿಯವನಿಗೆ ಕೆ.ಜಿ. ಲೆಕ್ಕದಲ್ಲಿ ಕೊಟ್ಟವರು ಇದ್ದಾರೆ. ಅಂಥವರಲ್ಲಿ ಹೆಚ್ಚಿನವರು ಎಂಜಿನ್ ಕೆಟ್ಟಿದ್ದಕ್ಕೆ ಕೈಬಿಟ್ಟವರಲ್ಲ. ಕಾಗದ ಸರಿಯಿಲ್ಲದ್ದಕ್ಕೆ, ಇಲ್ಲವೇ ಜಾಗ ಸಾಲದ್ದಕ್ಕೆ ಕೈಬಿಟ್ಟವರು. ಅದಕ್ಕೇ ಈ ಬರಹದಲ್ಲಿ ಸ್ಪ್ಯಾನರ್‌ಗಿಂತ ಮುಂಚೆ ಕಾಗದದ ಮಾತು ಬರುತ್ತದೆ. ಬೇಸರ ಮಾಡಿಕೊಳ್ಳಬೇಡಿ.

ಮೊದಲು, ಯಾವ ಲಾರಿ ಎಂದು ತೀರ್ಮಾನಿಸಿ

ನಮ್ಮ ದೇಶದಲ್ಲಿ ಸಂಗ್ರಹಕ್ಕೆ ಸಿಗುವ ಭಾರಿ ಸೇನಾ ಲಾರಿ ಎಂದರೆ ಮುಖ್ಯವಾಗಿ ಶಕ್ತಿಮಾನ್. ಜರ್ಮನಿಯ ಮಾನ್ ಕಂಪನಿಯ ಲೈಸೆನ್ಸ್ ಪಡೆದು 1959ರಲ್ಲಿ ಜಬಲ್‌ಪುರದಲ್ಲಿ ಇದರ ತಯಾರಿಕೆ ಶುರುವಾಯಿತು. ಮುಂದೆ ಅಲ್ಲಿಯೇ ವೆಹಿಕಲ್ ಫ್ಯಾಕ್ಟರಿ ಬಂತು. 1990ರ ದಶಕದವರೆಗೂ ಶಕ್ತಿಮಾನ್ ತಯಾರಾಗುತ್ತಲೇ ಇತ್ತು. ಆರು ಸಿಲಿಂಡರ್ ಡೀಸೆಲ್ ಎಂಜಿನ್, ನಾಲ್ಕೂ ಚಕ್ರಕ್ಕೆ ಎಳೆತ, ಮುಂದಕ್ಕೆ ಚಾಚಿದ ಬಾನೆಟ್. 1971ರ ಯುದ್ಧದ ಫೋಟೋಗಳಲ್ಲಿ ಇದನ್ನು ಕಾಣಬಹುದು. ಆಮೇಲೆ ಅಶೋಕ್ ಲೇಲ್ಯಾಂಡ್‌ನ ಸ್ಟಾಲಿಯನ್, ಟಾಟಾದ ಲಾರಿಗಳು ಇದರ ಜಾಗಕ್ಕೆ ಬಂದವು.

ಎರಡನೆಯ ಗುಂಪು ಎರಡನೇ ಮಹಾಯುದ್ಧದ ಲಾರಿಗಳದು: ಶೆವರ್ಲೆ, ಫೋರ್ಡ್, ಡಾಡ್ಜ್, ಜಿಎಂಸಿ. ಯುದ್ಧ ಮುಗಿದ ಮೇಲೆ ಇಲ್ಲೇ ಉಳಿದು, ಸೇನೆಗೆ ಬೇಡವಾದ ಸಾಮಾನಿನ ಡಿಸ್ಪೋಸಲ್‌ನಲ್ಲಿ ಮಾರಾಟವಾಗಿ, ಕಾಡಿನಲ್ಲಿ ಮರದ ದಿಮ್ಮಿ ಎಳೆದವು, ಬಸ್ಸುಗಳೂ ಆದವು. ಪೂರ್ತಿ ಉಳಿದಿರುವುದು ಈಗ ಬಲು ಅಪರೂಪ. ಪೆಟ್ರೋಲ್ ಎಂಜಿನ್ ಬೇರೆ. ಸಿಕ್ಕರೆ ಅದೃಷ್ಟ, ಆದರೆ ಮೊದಲ ಲಾರಿಯಾಗಿ ಕೊಳ್ಳಬೇಡಿ ಎಂಬುದು ನನ್ನ ಸಲಹೆ. ಅದರ ಬಿಡಿಭಾಗ ಹುಡುಕುವುದೇ ಇನ್ನೊಂದು ಹವ್ಯಾಸವಾಗಿಬಿಡುತ್ತದೆ.

ಕೆಜಿಎಫ್‌ನವರು ಇಲ್ಲಿ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: "ಟಟ್ರಾ ಬೇಡ್ವಾ ಸಾರ್?" ಅವರ ಅಭಿಮಾನ ಸಹಜ. ಜೆಕೊಸ್ಲೊವಾಕಿಯಾದ ಆ ಲಾರಿಗೆ 1986ರಲ್ಲಿ ಒಪ್ಪಂದ ಮಾಡಿಕೊಂಡದ್ದು ಸರ್ಕಾರಿ ಕಂಪನಿ ಬೆಮೆಲ್, ಆ ಬೆಮೆಲ್‌ನ ದೊಡ್ಡ ಕಾರ್ಖಾನೆ ಇರುವುದು ಅವರ ಊರಲ್ಲಿ. ಟಟ್ರಾ ಅದ್ಭುತ ಯಂತ್ರ. ಗಾಳಿಯಿಂದ ತಣಿಯುವ ಎಂಜಿನ್, ಚಾಸಿ ಬದಲು ನಡುವೆ ಒಂದು ದಪ್ಪ ಕೊಳವೆ, ಪ್ರತಿ ಚಕ್ರವೂ ತನ್ನ ಪಾಡಿಗೆ ಏರಿಳಿಯುವ ಆಕ್ಸಲ್. ಆದರೆ ಎಂಟು ಚಕ್ರದ ಆ ಗಾಡಿಯನ್ನು ತಿರುಗಿಸಲು ಒಂದು ಕ್ರಿಕೆಟ್ ಮೈದಾನವೇ ಬೇಕು. ಮನೆಯಲ್ಲಿ ಇಟ್ಟುಕೊಳ್ಳುವ ಗಾಡಿ ಅದಲ್ಲ. ಈ ಬರಹ ಶಕ್ತಿಮಾನ್ ಗಾತ್ರದ ಲಾರಿಗೆ ಸೀಮಿತ.

ಕಾಗದ ನೋಡಿ, ಆಮೇಲೆ ಗಾಡಿ ನೋಡಿ

ಕೆಟ್ಟ ಎಂಜಿನ್ ರಿಪೇರಿಯಾಗುತ್ತದೆ. ಕೆಟ್ಟ ಕಾಗದಕ್ಕೆ ಮಿಸ್ತ್ರಿ ಸಿಗುವುದಿಲ್ಲ. ಆದ್ದರಿಂದ ಮಾರುವವರಿಗೆ ಫೋನ್ ಮಾಡಿದಾಗ "ಗಾಡಿ ಸ್ಟಾರ್ಟ್ ಆಗುತ್ತಾ?" ಎಂದು ಕೇಳುವ ಮುಂಚೆ "ಕಾಗದ ಏನಿದೆ?" ಎಂದು ಕೇಳಿ.

ಸೇನೆಯಲ್ಲಿದ್ದಾಗ ಈ ಗಾಡಿಗಳಿಗೆ ಆರ್‌ಟಿಒ ನಂಬರ್ ಇರುವುದಿಲ್ಲ. ಮೇಲ್ಮುಖದ ಬಾಣದ ಗುರುತು, ವರ್ಷದ ಎರಡು ಅಂಕಿ, ಒಂದು ಅಕ್ಷರ, ಆಮೇಲೆ ಉದ್ದದ ಸಂಖ್ಯೆ, ಹೀಗಿರುತ್ತದೆ ಸೇನೆಯ ನಂಬರ್. ಸೇವೆ ಮುಗಿದ ಮೇಲೆ ಗಾಡಿ ಹರಾಜಿಗೆ ಬರುತ್ತದೆ. ಕೊಂಡವರು ತಮ್ಮ ಜಿಲ್ಲೆಯ ಆರ್‌ಟಿಒದಲ್ಲಿ ಹೊಸದಾಗಿ ನೋಂದಾಯಿಸಬೇಕು. ಕೋಲಾರವಾದರೆ ಕೆಎ 07, ಕೆಜಿಎಫ್ ಕೆಎ 08, ಚಿಕ್ಕಬಳ್ಳಾಪುರ ಕೆಎ 40, ಚಿಂತಾಮಣಿ ಕೆಎ 67, ತುಮಕೂರು ಕೆಎ 06.

ಇಲ್ಲಿ ಒಂದು ಕಾಗದದ ಹೆಸರನ್ನು ಬಾಯಿಪಾಠ ಮಾಡಿಕೊಳ್ಳಿ: ಫಾರಂ 21. ಸೇನೆಯಿಂದ ಬಂದ ಗಾಡಿಯನ್ನು ನೋಂದಾಯಿಸಲು ಸಂಬಂಧಪಟ್ಟ ಅಧಿಕಾರಿಗಳು ಕೊಟ್ಟ ಮೂಲ ಮಾರಾಟ ಪತ್ರ ಬೇಕು, ಅದು ಫಾರಂ 21ರಲ್ಲಿ ಇರಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಸ್ಪಷ್ಟವಾಗಿದೆ. ಮೂಲ ಪತ್ರ ಎಂದರೆ ಮೂಲ ಪತ್ರವೇ. ಜೆರಾಕ್ಸ್ ತೋರಿಸಿ "ಒರಿಜಿನಲ್ ಊರಲ್ಲಿದೆ, ಕೊಡಿಸ್ತೀನಿ" ಎನ್ನುವವರ ಕೈಗೆ ಮುಂಗಡ ಕೊಡಬೇಡಿ. ಪತ್ರದಲ್ಲಿರುವ ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಗಾಡಿಯ ಮೇಲಿನದಕ್ಕೆ ಹೋಲಿಸಿ. ಬಣ್ಣ, ಗ್ರೀಸ್ ಕೆರೆದು, ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ. ನಾಳೆ ಆರ್‌ಟಿಒ ಇನ್ಸ್‌ಪೆಕ್ಟರ್ ಕೇಳುವುದೂ ಇದನ್ನೇ.

ಗಾಡಿ ಈಗಾಗಲೇ ಖಾಸಗಿಯವರ ಹೆಸರಲ್ಲಿ ಆರ್‌ಸಿ ಆಗಿದ್ದರೆ ಕೆಲಸ ಹಗುರ. ಆದರೂ ಆರ್‌ಸಿಯಲ್ಲಿ ಗಾಡಿ ಯಾವ ಬಗೆ ಎಂದಿದೆ ನೋಡಿ. ಸೇನೆಯಿಂದ ಹೊರಬಿದ್ದ ಎಷ್ಟೋ ಲಾರಿಗಳು ಟೋಯಿಂಗ್ ಗಾಡಿಯಾಗಿ, ಕ್ರೇನ್ ಆಗಿ ಬದಲಾಗಿವೆ. ಹಿಂದೆ ಕ್ರೇನ್ ಇದ್ದು ಆರ್‌ಸಿಯಲ್ಲಿ ಸರಕು ಲಾರಿ ಎಂದಿದ್ದರೆ, ಅಥವಾ ಅದು ತಿರುವುಮುರುವಾಗಿದ್ದರೆ, ವರ್ಗಾವಣೆ ವೇಳೆ ತಕರಾರು ಖಂಡಿತ. ಫಿಟ್‌ನೆಸ್ ಯಾವಾಗ ಮುಗಿದಿದೆ, ತೆರಿಗೆ ಎಷ್ಟು ವರ್ಷ ಬಾಕಿ, ಇವನ್ನೂ ಬರೆದಿಟ್ಟುಕೊಳ್ಳಿ. ಬಾಕಿ ತೆರಿಗೆ ಗಾಡಿಯ ಬೆಲೆಗಿಂತ ಜಾಸ್ತಿ ಆಗಿರುವುದೂ ಉಂಟು.

ಇನ್ನು ವಿಂಟೇಜ್ ನೋಂದಣಿ. 2021ರಲ್ಲಿ ಕೇಂದ್ರ ಸರ್ಕಾರ ಇದಕ್ಕೆ ಬೇರೆ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ ದೊಡ್ಡ ಬದಲಾವಣೆ ಕಾಣದೆ ಮೂಲ ರೂಪದಲ್ಲಿರಬೇಕು. ನಂಬರಿನಲ್ಲಿ ರಾಜ್ಯದ ಅಕ್ಷರಗಳ ನಂತರ 'ವಿಎ' ಎಂದು ಬರುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ಇಂಥ ಕೆಲಸಕ್ಕೆ ಮಾತ್ರ ರಸ್ತೆಗೆ ತರಬಹುದು, ದಿನನಿತ್ಯದ ಓಡಾಟ, ಬಾಡಿಗೆ ಕೂಡದು. ಇದನ್ನು ಓದಿ ಖುಷಿಪಡುವ ಮುಂಚೆ ಒಂದು ಮಾತು: ಈ ನಿಯಮ ಬರೆದದ್ದು ಎರಡು ಚಕ್ರದ ಗಾಡಿ ಮತ್ತು ಸ್ವಂತ ಬಳಕೆಯ ಕಾರಿನಂಥ ಗಾಡಿಗಳನ್ನು ಮನಸ್ಸಲ್ಲಿಟ್ಟುಕೊಂಡು. ಸರಕು ಲಾರಿ ಆ ಚೌಕಟ್ಟಿಗೆ ಸಲೀಸಾಗಿ ಕೂರುವುದಿಲ್ಲ. "50 ವರ್ಷ ಆಗಿದೆ ಸಾರ್, ವಿಂಟೇಜ್ ಮಾಡಿಸ್ಕೊಳ್ಳಿ" ಎಂದು ಮಾರುವವರು ಹೇಳಿದರೆ ನಂಬಿ ಹಣ ಕೊಡಬೇಡಿ. ಚಾಸಿ ನಂಬರ್, ತಯಾರಾದ ವರ್ಷ ಬರೆದು ನಿಮ್ಮ ಆರ್‌ಟಿಒಗೆ ಅರ್ಜಿ ಕೊಡಿ. ಈ ಗಾಡಿಯನ್ನು ಯಾವ ಬಗೆಯಲ್ಲಿ ನೋಂದಾಯಿಸುತ್ತೀರಿ ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಕೌಂಟರ್‌ನಲ್ಲಿ ಬಾಯಿಮಾತಲ್ಲಿ "ಆಗುತ್ತೆ ಬಿಡಿ" ಎಂದವರು ಆರು ತಿಂಗಳಿಗೆ ವರ್ಗವಾಗಿರುತ್ತಾರೆ.

ನೋಂದಣಿ ಆಗುವುದೇ ಇಲ್ಲ ಎಂದು ಗೊತ್ತಾದರೂ ಎಲ್ಲ ಮುಗಿಯಲಿಲ್ಲ. ನಿಮ್ಮ ತೋಟದಲ್ಲಿ ಇಟ್ಟುಕೊಂಡು, ಸಾರ್ವಜನಿಕ ರಸ್ತೆಗೆ ಇಳಿಸದೆ, ಎಲ್ಲಿಗಾದರೂ ಒಯ್ಯಬೇಕಾದರೆ ಗಾಡಿ ಹೇರುವ ತಗ್ಗು ಹಾಸಿನ ಲೋಬೆಡ್ ಟ್ರೇಲರ್ ಮೇಲೆ ಒಯ್ಯುವುದು ಒಂದು ದಾರಿ. ಹೀಗೆ ಇಟ್ಟುಕೊಳ್ಳುವವರಿಗೂ ಮಾರಾಟ ಪತ್ರ ಬೇಕೇ ಬೇಕು. ಸೇನೆಯ ಗಾಡಿ ನಿಮ್ಮ ಅಂಗಳಕ್ಕೆ ಹೇಗೆ ಬಂತು ಎಂದು ಪೊಲೀಸರು ಕೇಳಿದರೆ ತೋರಿಸಲು ಏನಾದರೂ ಇರಬೇಕಲ್ವಾ?

ಹರಾಜಿನಲ್ಲಿ ಕೊಳ್ಳುವುದಾದರೆ

ಸರ್ಕಾರಿ ಸಾಮಾನಿನ ಇ-ಹರಾಜು ಹೆಚ್ಚಾಗಿ ಎಂಎಸ್‌ಟಿಸಿ ಮೂಲಕ ನಡೆಯುತ್ತದೆ. ಅದು ಕೇಂದ್ರ ಸರ್ಕಾರದ ಸಂಸ್ಥೆ. ಅಲ್ಲಿ ಹೆಸರು ನೋಂದಾಯಿಸಿ, ಠೇವಣಿ ಕಟ್ಟಿ, ಆನ್‌ಲೈನ್‌ನಲ್ಲಿ ಕೂಗಬೇಕು. ಮಾರುವುದು 'ಇದ್ದಲ್ಲಿ, ಇದ್ದ ಹಾಗೆ'. ಆಮೇಲೆ ಗೇರ್‌ಬಾಕ್ಸ್ ಒಳಗೆ ಹಲ್ಲೇ ಇಲ್ಲ ಎಂದು ದೂರುವ ಹಾಗಿಲ್ಲ. ನೋಡಲು ಕೊಟ್ಟ ದಿನ ಹೋಗಿ ನೋಡಲೇಬೇಕು. ಫೋಟೋ ನಂಬಿ ಕೂಗುವುದು ಜೂಜು.

ಹರಾಜಿನ ಷರತ್ತುಗಳನ್ನು ಪೂರ್ತಿ ಓದಿ. ಎಷ್ಟೋ ಲಾಟುಗಳಲ್ಲಿ ಗಾಡಿಯನ್ನು ಗುಜರಿಗೆ ಮಾತ್ರ, ಮರು ನೋಂದಣಿಗೆ ಅಲ್ಲ ಎಂದು ಬರೆದಿರುತ್ತದೆ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿ ರದ್ದಾಗಿ ಅವು ಅಧಿಕೃತ ಸ್ಕ್ರ್ಯಾಪ್ ಕೇಂದ್ರಕ್ಕೆ ಹೋಗಬೇಕೆಂಬ ನಿಯಮ ಬಂದಿದೆ. ರಕ್ಷಣಾ ಕೆಲಸದ ವಿಶೇಷ ಗಾಡಿಗಳಿಗೆ ಅದರಿಂದ ವಿನಾಯಿತಿ ಇದ್ದರೂ, ಗಾಡಿ ಗುಜರಿಗೇ ಹೋಗಲಿ ಎನ್ನುವ ಗಾಳಿ ಈಗ ಎಲ್ಲ ಕಡೆ ಬೀಸುತ್ತಿದೆ. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಹೊಸದಾಗಿ ಹರಾಜಿಗೆ ಬರುವ ಗಾಡಿಗಿಂತ, ಮೂವತ್ತು ವರ್ಷದ ಹಿಂದೆಯೇ ಆರ್‌ಸಿ ಆಗಿ ಯಾರದ್ದೋ ಕ್ವಾರಿಯಲ್ಲಿ, ಸಾ ಮಿಲ್ಲಿನಲ್ಲಿ ನಿಂತಿರುವ ಗಾಡಿ ಹುಡುಕುವುದು ಮೇಲು. ಪಶ್ಚಿಮ ಬಂಗಾಳದ ಪಾನಾಗಢ ಹಳೆಯ ಸೇನಾ ಗಾಡಿ, ಬಿಡಿಭಾಗಗಳ ವ್ಯಾಪಾರಕ್ಕೆ ಹೆಸರುವಾಸಿ. ಆದರೆ ಅಲ್ಲಿಂದ ಗಾಡಿ ತರುವ ಬಾಡಿಗೆ ಲೆಕ್ಕ ಹಾಕಿದರೆ ಅಲ್ಲಿಂದ ಭಾಗ ತರಿಸಿ, ಗಾಡಿ ಇಲ್ಲೇ ಹುಡುಕುವುದು ಜಾಣತನ.

ಜಾಗ, ಶೆಡ್, ದಾರಿ

ಇದು ಬೇಗ ಮುಗಿಯುವ ಮಾತು, ಆದರೆ ಮರೆಯುವವರು ಜಾಸ್ತಿ. ಶೆಡ್ಡಿನ ಬಾಗಿಲ ಎತ್ತರ ಅಳೆಯಿರಿ. ಲಾರಿಯ ಹಿಂಬದಿಯಲ್ಲಿ ಟಾರ್ಪಾಲಿನ್ ಹೊದಿಸುವ ಬಾಗಿದ ಕಬ್ಬಿಣದ ಸರಳುಗಳಿರುತ್ತವೆ, ಅವೇ ಎತ್ತರದ ತುದಿ. ನೆಲ ಗಟ್ಟಿ ಇರಲಿ. ಮಣ್ಣಿನ ಮೇಲೆ ನಿಲ್ಲಿಸಿದರೆ ಮಳೆಗಾಲದಲ್ಲಿ ಕೆಳಗಿಂದ ತೇವ ಏರಿ ಆಕ್ಸಲ್ ಹೌಸಿಂಗ್, ಚಾಸಿ ತುಕ್ಕು ಹಿಡಿಯುತ್ತವೆ. ಊರಿನ ದಾರಿಯಲ್ಲಿ ರೈಲ್ವೆ ಕೆಳಸೇತುವೆ ಇದ್ದರೆ ಅದರ ಎತ್ತರವನ್ನೂ, ಲೋಬೆಡ್ ಮೇಲೆ ಗಾಡಿ ಹೇರಿದಾಗಿನ ಎತ್ತರವನ್ನೂ ಮೊದಲೇ ನೋಡಿಕೊಳ್ಳಿ.

ಬಯಲುಸೀಮೆಯ ಒಣ ಹವೆ ನಮಗೆ ವರ. ಕರಾವಳಿಯಲ್ಲಾದರೆ ಇಂಥ ಗಾಡಿಯ ತಗಡು ಬೇಗ ಜರಡಿಯಾಗುತ್ತದೆ. ಆದರೆ ಇದೇ ಬಿಸಿಲು ರಬ್ಬರ್, ಟಾರ್ಪಾಲಿನ್, ವೈರಿನ ಹೊದಿಕೆಗಳನ್ನು ಸೀಳುತ್ತದೆ. ನೆರಳು ಬೇಕೇ ಬೇಕು. ಶಿಡ್ಲಘಟ್ಟ, ಚಿಂತಾಮಣಿ ಕಡೆಯವರಿಗೆ ಒಂದು ಕಿವಿಮಾತು: ರೇಷ್ಮೆ ಹುಳು ಮನೆಯ ಪಕ್ಕ ಈ ಶೆಡ್ ಹಾಕಬೇಡಿ. ಡೀಸೆಲ್ ಹೊಗೆ ಒಂದೇ ದಿನ ಒಳಗೆ ಹೊಕ್ಕರೂ ಮನೆಯವರು ನಿಮ್ಮನ್ನೂ ಲಾರಿಯನ್ನೂ ಒಟ್ಟಿಗೇ ಹೊರಗೆ ಹಾಕುತ್ತಾರೆ.

ಹಣದ ವಿಷಯ. ಗಾಡಿಗೆ ಕೊಟ್ಟಷ್ಟೇ ದುಡ್ಡು ಅದನ್ನು ಎಬ್ಬಿಸಲೂ ಬೇಕಾಗುತ್ತದೆ ಎಂದು ಮನಸ್ಸು ಗಟ್ಟಿಮಾಡಿಕೊಳ್ಳಿ. ಅದರಲ್ಲಿ ದೊಡ್ಡ ಪಾಲು ಟೈರಿಗೇ ಹೋಗುತ್ತದೆ.

ಗಾಡಿ ನೋಡಲು ಹೋದ ದಿನ

ಒಬ್ಬರೇ ಹೋಗಬೇಡಿ. ಹಳೆಯ ಲಾರಿ ಬಲ್ಲ ಮಿಸ್ತ್ರಿಯನ್ನು ಕರೆದುಕೊಂಡು ಹೋಗಿ. ನಮ್ಮ ಕಡೆ ಇಂಥವರಿಗೆ ಬರವಿಲ್ಲ. ಕೆಜಿಎಫ್‌ನಲ್ಲಿ ಬೆಮೆಲ್‌ನಿಂದ ನಿವೃತ್ತರಾದವರು, ಜಲ್ಲಿ ಕ್ರಷರ್, ಕಲ್ಲು ಕ್ವಾರಿಗಳಲ್ಲಿ ದುಡಿದ ಮೆಕ್ಯಾನಿಕ್‌ಗಳು, ತುಮಕೂರಿನ ಲಾರಿ ವರ್ಕ್‌ಶಾಪಿನ ಹಿರಿಯರು ಇದ್ದಾರೆ. ಅವರಿಗೆ ಒಂದು ದಿನದ ಕೂಲಿ, ಊಟ ಕೊಟ್ಟರೆ ನಿಮ್ಮ ಲಕ್ಷ ಉಳಿಯಬಹುದು.

ಮೊದಲು ಚಾಸಿ. ಟಾರ್ಚ್ ಹಿಡಿದು ಕೆಳಗೆ ಮಲಗಿ. ಕಮಾನ್ ಪಟ್ಟಿ ಕೂರುವ ಬ್ರಾಕೆಟ್‌ಗಳ ಸುತ್ತ, ಅಡ್ಡ ಕಂಬಿಗಳು ಸೇರುವಲ್ಲಿ ಬಿರುಕು ನೋಡಿ. ರಿವೆಟ್ ಇರಬೇಕಾದ ಕಡೆ ವೆಲ್ಡಿಂಗ್ ಗುಡ್ಡೆ ಕಂಡರೆ ಅದಕ್ಕೊಂದು ಕಥೆ ಇದೆ ಎಂದೇ ಅರ್ಥ. ಕ್ರೇನ್ ಕೂರಿಸಿ ತೆಗೆದ ಗಾಡಿಯಾದರೆ ಚಾಸಿಯಲ್ಲಿ ಹೆಚ್ಚುವರಿ ತೂತುಗಳಿರುತ್ತವೆ. ಅಂಥದ್ದನ್ನು ನಾನಾದರೆ ಬಿಡುತ್ತೇನೆ.

ಆಮೇಲೆ ಆಯಿಲ್‌ಗಳು. ಎಂಜಿನ್ ಆಯಿಲ್ ಕಡ್ಡಿ ಎಳೆದಾಗ ಹಾಲು ಬೆರೆತ ಚಹಾ ಬಣ್ಣ ಕಂಡರೆ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಲೈನರ್ ತೂತಾಗಿರಬಹುದು, ಇಲ್ಲವೇ ವರ್ಷಗಟ್ಟಲೆ ಮಳೆ ನೀರು ಇಳಿದಿರಬಹುದು. ಗೇರ್‌ಬಾಕ್ಸ್, ಮುಂದಿನ ಹಿಂದಿನ ಆಕ್ಸಲ್‌ಗೆ ಎಳೆತ ಹಂಚುವ ಟ್ರಾನ್ಸ್‌ಫರ್ ಕೇಸ್, ಎರಡೂ ಆಕ್ಸಲ್‌ಗಳ ಹೌಸಿಂಗ್, ಎಲ್ಲದರ ಪ್ಲಗ್ ಸ್ವಲ್ಪ ಸಡಿಲಿಸಿ ನೋಡಲು ಕೇಳಿ. ಮೊದಲು ನೀರು ಬಂದು ಆಮೇಲೆ ಆಯಿಲ್ ಬಂದರೆ ಬೇರಿಂಗ್‌ಗಳ ಗತಿ ಊಹಿಸಿಕೊಳ್ಳಿ. ಮಾರುವವರು ಪ್ಲಗ್ ಬಿಚ್ಚಲು ಬಿಡದಿದ್ದರೆ ಅದೇ ಉತ್ತರ.

ಮುಂದಿನ ಆಕ್ಸಲ್ ಇದೆಯೇ, ಅದಕ್ಕೆ ಹೋಗುವ ಜಾಯಿಂಟ್ ಶಾಫ್ಟ್ ಇದೆಯೇ ನೋಡಿ. ನಗಬೇಡಿ. ಕ್ವಾರಿಯಲ್ಲಿ ದುಡಿದ ಗಾಡಿಗಳಲ್ಲಿ ಡೀಸೆಲ್ ಉಳಿಸಲು ಮುಂದಿನ ಶಾಫ್ಟ್ ಬಿಚ್ಚಿ ಎಸೆಯುವುದು ಹಳೆಯ ಚಾಳಿ. ಎಂಜಿನ್ನೂ ಮೂಲದ್ದೇ ಇರಬೇಕೆಂದಿಲ್ಲ. ಟಾಟಾ ಅಥವಾ ಲೇಲ್ಯಾಂಡ್ ಎಂಜಿನ್ ಕೂರಿಸಿದ ಶಕ್ತಿಮಾನ್ ಓಡಲು ಚೆನ್ನಾಗಿರುತ್ತದೆ, ಸಂಗ್ರಹದ ಬೆಲೆ ಮಾತ್ರ ಇಳಿಯುತ್ತದೆ. ಮೂಲ ರೂಪ ಕೇಳುವ ಯಾವ ನೋಂದಣಿಗೂ ಅದು ಅಡ್ಡಿ.

ಸಣ್ಣಪುಟ್ಟದ್ದರ ಮೇಲೆ ಕಣ್ಣಿಡಿ. ಡ್ಯಾಶ್‌ಬೋರ್ಡಿನ ಮೀಟರ್‌ಗಳು, ತಯಾರಕರ ತಗಡಿನ ಫಲಕ, ಬೆಳಕು ಮುಚ್ಚುವ ಬ್ಲ್ಯಾಕ್‌ಔಟ್ ದೀಪ, ಹಿಂದಿನ ಡಿಫರೆನ್ಷಿಯಲ್ ಮೇಲೆ ಬೆಳಕು ಬೀಳಿಸುವ ಕಾನ್ವಾಯ್ ದೀಪ. ರಾತ್ರಿ ಹೆಡ್‌ಲೈಟ್ ಇಲ್ಲದೆ ಸಾಲಾಗಿ ಹೋಗುವಾಗ ಹಿಂದಿನ ಡ್ರೈವರ್ ಬಿಳಿ ಬಣ್ಣ ಬಳಿದ ಆ ಗುಂಡಗಿನ ಭಾಗವನ್ನು ನೋಡಿಕೊಂಡೇ ಓಡಿಸುತ್ತಿದ್ದ. ಎಂಜಿನ್ ಭಾಗ ಲೇತ್‌ನಲ್ಲಿ ಮಾಡಿಸಬಹುದು. ಇವು ಕಳೆದರೆ ಮತ್ತೆ ಸಿಗುವುದು ಕಷ್ಟ.

ನಿಂತ ಎಂಜಿನ್ ಎಬ್ಬಿಸುವುದು

ಲಾರಿ ಮನೆಗೆ ಬಂತು. ಊರ ಹುಡುಗರು ಸೇರಿದ್ದಾರೆ. "ಅಣ್ಣಾ, ಟ್ರ್ಯಾಕ್ಟರ್ ಕಟ್ಟಿ ಎಳೀತೀವಿ, ಗೇರಿಗೆ ಬಿಡು, ಸ್ಟಾರ್ಟ್ ಆಗ್ತದೆ" ಎನ್ನುತ್ತಾರೆ. ಬೇಡ. ವರ್ಷಗಟ್ಟಲೆ ನಿಂತ ಎಂಜಿನ್‌ಗೆ ಇದಕ್ಕಿಂತ ದೊಡ್ಡ ದ್ರೋಹ ಇಲ್ಲ. ಅಂಟಿದ ರಿಂಗ್ ಮುರಿಯುತ್ತದೆ, ಆಯಿಲ್ ಇಲ್ಲದ ಬೇರಿಂಗ್ ಸವೆಯುತ್ತದೆ, ತುಕ್ಕು ಹಿಡಿದ ವಾಲ್ವ್ ಬಾಗುತ್ತದೆ.

ನಿಧಾನವಾಗಿ ಹೀಗೆ ಮಾಡಿ. ಡೀಸೆಲ್ ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ತಳದಲ್ಲಿ ಕೆಸರು, ನೀರು, ಕಪ್ಪು ಲೋಳೆ ಇದ್ದೇ ಇರುತ್ತದೆ. ಟ್ಯಾಂಕ್ ಇಳಿಸಿ ತೊಳೆಯಿಸಿ. ಹಳೆಯ ಆಯಿಲ್ ಸುರಿದು ಫಿಲ್ಟರ್ ಬದಲಿಸಿ, ಹೊಸ ಆಯಿಲ್ ಹಾಕಿ. ಇಂಜೆಕ್ಟರ್‌ಗಳನ್ನು ಬಿಚ್ಚಿ ಪರೀಕ್ಷೆಗೆ ಕೊಡಿ. ಅವು ಹೊರಗಿರುವಾಗಲೇ ಪ್ರತಿ ಸಿಲಿಂಡರ್‌ಗೆ ಸ್ವಲ್ಪ ತೆಳು ಆಯಿಲ್ ಬಿಟ್ಟು ಎರಡು ಮೂರು ದಿನ ಹಾಗೇ ಬಿಡಿ. ಆಮೇಲೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಉದ್ದನೆಯ ಪಾನಾ ಹಾಕಿ ಕೈಯಿಂದಲೇ ತಿರುಗಿಸಿ. ತಿರುಗದಿದ್ದರೆ ಬಲವಂತ ಬೇಡ, ಇನ್ನೊಂದಿಷ್ಟು ಆಯಿಲ್, ಇನ್ನೊಂದಿಷ್ಟು ದಿನ. ಎರಡು ಪೂರ್ತಿ ಸುತ್ತು ಎಲ್ಲೂ ಸಿಕ್ಕಿಕೊಳ್ಳದೆ ತಿರುಗಿದರೆ ನಿಮ್ಮ ಅರ್ಧ ಚಿಂತೆ ಕಳೆಯಿತು.

ಪಂಪ್ ವಿಷಯದಲ್ಲಿ ನಾವು ಪುಣ್ಯವಂತರು. ಡೀಸೆಲ್ ಪಂಪಿಗೆ ಹೆಸರಾದ ಮೈಕೋ ಕಂಪನಿ ಬೆಂಗಳೂರಿನಲ್ಲಿ 1951ರಲ್ಲೇ ಶುರುವಾದದ್ದರಿಂದ, ಹಳೆಯ ಸಾಲು ಪಂಪುಗಳನ್ನು ಬಿಚ್ಚಿ ಕಟ್ಟಬಲ್ಲ ಕೈಗಳು ಸುತ್ತಲ ಜಿಲ್ಲೆಗಳಲ್ಲಿ ಇನ್ನೂ ಇವೆ. ಪಂಪನ್ನು ಬೆಂಚಿನ ಮೇಲೆ ಕೂರಿಸಿ ಪರೀಕ್ಷಿಸುವ ಅಂಗಡಿಗೇ ಕೊಡಿ. ಅಂದಾಜಿನ ಮೇಲೆ ಸ್ಕ್ರೂ ತಿರುಗಿಸುವವರ ಕೈಗೆ ಬೇಡ.

ಎಲ್ಲ ಕೂರಿಸಿ, ಕೈ ಪಂಪಿನಿಂದ ಡೀಸೆಲ್ ಎಳೆದು ಗಾಳಿ ಬಿಡಿಸಿದ ಮೇಲೂ ತಕ್ಷಣ ಸ್ಟಾರ್ಟ್ ಮಾಡಬೇಡಿ. ಸ್ಟಾಪ್ ಲಿವರ್ ಎಳೆದು ಹಿಡಿದು, ಡೀಸೆಲ್ ಹೋಗದಂತೆ, ಸೆಲ್ಫ್ ಹೊಡೆಯಿರಿ. ಆಯಿಲ್ ಪ್ರೆಷರ್ ಮೀಟರಿನ ಮುಳ್ಳು ಅಲುಗುವವರೆಗೆ ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಬಿಟ್ಟು ಹೊಡೆಯಿರಿ. ಮುಳ್ಳು ಎದ್ದ ಮೇಲೆಯೇ ಸ್ಟಾಪ್ ಬಿಡಿ.

ಮೊದಲ ಸ್ಟಾರ್ಟ್ ವೇಳೆ ಒಬ್ಬರು ಏರ್ ಫಿಲ್ಟರ್ ಕೊಳವೆಯ ಬಳಿ ದಪ್ಪನೆಯ ಮರದ ಹಲಗೆ ಹಿಡಿದು ನಿಂತಿರಲಿ. ಪಂಪಿನ ರ‍್ಯಾಕ್ (ಎಂಜಿನ್‌ಗೆ ಎಷ್ಟು ಡೀಸೆಲ್ ಬಿಡಬೇಕೆಂದು ಹಿಡಿತದಲ್ಲಿಡುವ ಕಡ್ಡಿ) ಅಂಟಿಕೊಂಡಿದ್ದರೆ ಡೀಸೆಲ್ ಎಂಜಿನ್ ತಾನಾಗಿಯೇ ವೇಗ ಏರಿಸಿಕೊಂಡು ಓಡತೊಡಗುತ್ತದೆ. ಕೀಲಿ ತೆಗೆದರೆ ನಿಲ್ಲುವುದಿಲ್ಲ. ಗಾಳಿ ಮುಚ್ಚುವುದೇ ಬೇಗ ನಿಲ್ಲಿಸುವ ದಾರಿ. ಕೈ, ಬಟ್ಟೆ ಇಟ್ಟು ಮುಚ್ಚಲು ಹೋಗಬೇಡಿ, ಒಳಗೆ ಎಳೆದುಕೊಳ್ಳುತ್ತದೆ. ಹಲಗೆಯೇ ಸರಿ.

ರೇಡಿಯೇಟರಿಗೆ ನಮ್ಮ ಬೋರ್‌ವೆಲ್ ನೀರು ಹಾಕಬೇಡಿ. ಕೋಲಾರ, ಚಿಕ್ಕಬಳ್ಳಾಪುರದ ಆಳದ ಬೋರಿನ ನೀರಿಗೆ ಬಿಸಿನೀರಿನ ಪಾತ್ರೆಯ ತಳದಲ್ಲಿ ಎಷ್ಟು ಬಿಳಿ ಹೆಕ್ಕಳೆ ಕಟ್ಟುತ್ತದೆ ಎಂದು ಮನೆಯಲ್ಲಿ ಕೇಳಿ. ಅದೇ ಹೆಕ್ಕಳೆ ಎಂಜಿನ್ ಒಳಗೂ ಕಟ್ಟುತ್ತದೆ. ಡಿಸ್ಟಿಲ್ಡ್ ನೀರು, ಜೊತೆಗೆ ಕೂಲಂಟ್.

ಚಕ್ರ: ಇಲ್ಲಿ ಜೀವದ ಪ್ರಶ್ನೆ

ಹಳೆಯ ಲಾರಿಗಳ ರಿಮ್ ಒಂದೇ ತುಂಡಲ್ಲ. ಟೈರನ್ನು ಹಿಡಿದಿಡಲು ಪಕ್ಕದಲ್ಲಿ ಬೇರೆ ಉಕ್ಕಿನ ರಿಂಗ್, ಅದನ್ನು ಬಿಗಿಯುವ ಲಾಕ್ ರಿಂಗ್ ಇರುತ್ತದೆ. ತುಕ್ಕು ಹಿಡಿದ, ಬಾಗಿದ ಲಾಕ್ ರಿಂಗ್ ಗಾಳಿ ತುಂಬುವಾಗ ಸಿಡಿದರೆ ಎದುರಿಗಿದ್ದವರು ಉಳಿಯುವುದು ಕಷ್ಟ. ಪಂಕ್ಚರ್ ಅಂಗಡಿಗಳಲ್ಲಿ ಇದರಿಂದ ಸಾವುಗಳಾಗಿವೆ. ಆದ್ದರಿಂದ ಚಕ್ರ ಬಿಚ್ಚುವ ಮುಂಚೆ ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಡಿ, ಆಮೇಲೆ ನಟ್ ಮುಟ್ಟಿ. ರಿಂಗ್‌ಗಳನ್ನು ಬ್ರಷ್ ಹಾಕಿ ಉಜ್ಜಿ ಬಿರುಕು ನೋಡಿ. ಒಂದು ಗಾಡಿಯ ರಿಂಗ್ ಇನ್ನೊಂದು ಬಗೆಯ ರಿಮ್ಮಿಗೆ ಹಾಕಬೇಡಿ, ಕೂತಂತೆ ಕಂಡರೂ. ಗಾಳಿ ತುಂಬುವಾಗ ಚಕ್ರ ಕಬ್ಬಿಣದ ಪಂಜರದೊಳಗಿರಲಿ, ಪೈಪ್ ಉದ್ದವಿರಲಿ, ನೀವು ಪಕ್ಕಕ್ಕೆ ನಿಲ್ಲಿ. ಸುತ್ತಿಗೆಯಿಂದ ರಿಂಗ್ ಬಡಿದು ಕೂರಿಸುವ ಅಭ್ಯಾಸ ಇರುವ ಅಂಗಡಿಯಿಂದ ಚಕ್ರ ವಾಪಸ್ ತಂದುಬಿಡಿ.

ಟೈರಿನ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಳೆಯದು. ಟೈರಿನ ಗೀರುಗಳು ಎಷ್ಟೇ ಆಳವಿದ್ದರೂ ಅಂಥ ಟೈರ್ ಪ್ರದರ್ಶನಕ್ಕೆ ಮಾತ್ರ.

ಬ್ರೇಕ್ ಮತ್ತು ಕರೆಂಟ್

ಬ್ರೇಕಿನ ರಬ್ಬರ್ ಇರುವ ಪ್ರತಿಯೊಂದನ್ನೂ ಬದಲಿಸಿ. ಚೆನ್ನಾಗಿ ಕಂಡರೂ ಬದಲಿಸಿ. ಹಳೆಯ ಲೈನಿಂಗ್, ಕ್ಲಚ್ ಪ್ಲೇಟುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಡ್ರಮ್ ಬಿಚ್ಚಿದ ಮೇಲೆ ಗಾಳಿ ಹೊಡೆದು ದೂಳು ಹಾರಿಸಬೇಡಿ, ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ.

ಸೇನಾ ಲಾರಿಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್, ಎರಡು ಬ್ಯಾಟರಿ ಸಾಲಾಗಿ. ಬಲ್ಬ್, ಹಾರ್ನ್ ಕೊಳ್ಳುವಾಗ ಇದು ನೆನಪಿರಲಿ. ವೈರಿಂಗ್ ಹಳೆಯದಾದರೆ ತೇಪೆ ಹಾಕದೆ ಪೂರ್ತಿ ಹೊಸದು ಎಳೆಸಿ, ಬ್ಯಾಟರಿ ಬಳಿ ಒಂದು ಕಟ್‌ಆಫ್ ಸ್ವಿಚ್ ಹಾಕಿಸಿ. ಪಾವಗಡ, ಶಿರಾ ಕಡೆ ಕಡಲೆಕಾಯಿ ಗೋದಾಮಿನ ಪಕ್ಕ ಗಾಡಿ ನಿಲ್ಲಿಸಿದವರಿಗೆ ಇಲಿ ಏನು ಮಾಡುತ್ತದೆ ಎಂದು ಹೇಳಬೇಕಿಲ್ಲ.

ಬಣ್ಣ ಬಳಿಯುವ ಮುಂಚೆ ಇದನ್ನು ಓದಿ

ಎಲ್ಲರಿಗೂ ಆಸೆ ಆ ಸೇನಾ ಹಸಿರಿನದೇ. ಆದರೆ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ರಕ್ಷಣಾ ಇಲಾಖೆಯ ಗಾಡಿಗಳನ್ನು ಬಿಟ್ಟು ಬೇರೆ ಯಾವುದಕ್ಕೂ ಆಲಿವ್ ಗ್ರೀನ್ ಬಳಿಯುವಂತಿಲ್ಲ. ಜೀಪಿನವರು ಬಳಿದುಕೊಂಡು ತಿರುಗುತ್ತಾರಲ್ಲ ಎನ್ನಬೇಡಿ. ಅವರನ್ನು ಹಿಡಿದಾಗ ದಂಡ ಕಟ್ಟುತ್ತಾರೆ, ನಿಮ್ಮ ಲಾರಿಯಾದರೋ ಅರ್ಧ ಕಿಲೋಮೀಟರ್ ದೂರದಿಂದಲೇ ಕಾಣುತ್ತದೆ. ರಸ್ತೆಗೆ ಇಳಿಸುವ ಗಾಡಿಗೆ ಬೂದು, ಮರಳಿನ ಬಣ್ಣ, ಕಡು ನೀಲಿ ಇಂಥದ್ದೇನಾದರೂ ಆರಿಸಿ, ಆರ್‌ಸಿಯಲ್ಲಿ ಅದೇ ಬಣ್ಣ ನಮೂದಾಗಲಿ. ಸೇನೆಯ ನಂಬರ್, ಬಾಣದ ಗುರುತು, ರೆಜಿಮೆಂಟಿನ ಚಿಹ್ನೆ ಯಾವುದನ್ನೂ ರಸ್ತೆಯಲ್ಲಿ ಪ್ರದರ್ಶಿಸಬೇಡಿ. ಹಳೆಯ ನಂಬರಿನ ತಗಡು ಸಿಕ್ಕಿದ್ದರೆ ಮನೆಯ ಗೋಡೆಗೆ ತೂಗುಹಾಕಿ.

ಇನ್ನೊಂದು ಮಾತು, ಇದು ರುಚಿಯ ವಿಷಯ. ಪೂರ್ತಿ ಕೆರೆದು ಮಿರಮಿರ ಮಿಂಚುವ ಬಣ್ಣ ಬಳಿಸುವವರಿದ್ದಾರೆ. ಸೇನಾ ಲಾರಿಗೆ ಮಿಂಚು ಒಪ್ಪುವುದಿಲ್ಲ, ಮದುವೆ ಬಸ್ಸಿನಂತೆ ಕಾಣುತ್ತದೆ. ಹೊಳಪಿಲ್ಲದ ಬಣ್ಣ ಹೇಳಿ ಮಾಡಿಸಿ. ಕೆರೆಯುವ ಮುಂಚೆ ಕೆಳಗಿನ ಪದರಗಳಲ್ಲಿ ಹಳೆಯ ಅಕ್ಷರ, ಗುರುತು ಕಂಡರೆ ಫೋಟೋ ತೆಗೆದಿಡಿ. ಆ ಗಾಡಿ ಎಲ್ಲೆಲ್ಲಿ ದುಡಿದಿತ್ತು ಎಂಬ ಸುಳಿವು ಅಲ್ಲೇ ಇರುತ್ತದೆ.

ಓಡಿಸುವಾಗ

ಕಾರಿನ ಲೈಸೆನ್ಸ್ ಸಾಲದು. ಲಘು ವಾಹನದ ಮಿತಿ 7,500 ಕೆ.ಜಿ.; ಈ ಲಾರಿಯ ಒಟ್ಟು ತೂಕ ಅದನ್ನು ದಾಟುತ್ತದೆ. ಭಾರಿ ವಾಹನದ ಲೈಸೆನ್ಸ್ ಇರುವವರೇ ಕೂರಬೇಕು. ಇಲ್ಲದಿದ್ದರೆ ಅಪಘಾತವಾದಾಗ ವಿಮೆ ಕೈಕೊಡುತ್ತದೆ.

ಪವರ್ ಸ್ಟೀರಿಂಗ್ ಇಲ್ಲ. ಗೇರ್ ಬದಲಿಸಲು ಡಬಲ್ ಕ್ಲಚ್, ಅಂದರೆ ಒಂದು ಗೇರಿಗೆ ಎರಡು ಸಲ ಕ್ಲಚ್ ಒತ್ತುವುದು, ಬೇಕಾಗಬಹುದು. ಊರಿನ ಹಳೆಯ ಲಾರಿ ಡ್ರೈವರ್ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಖಾಲಿ ಕೆರೆ ಅಂಗಳದಲ್ಲಿ ಕಲಿಯಿರಿ. ಮುಂದಿನ ಚಕ್ರದ ಎಳೆತವನ್ನು ಟಾರು ರಸ್ತೆಯಲ್ಲಿ ಹಾಕಬೇಡಿ. ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಉರುಳುತ್ತವೆ. ಮಣ್ಣಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಸರಿಹೋಗುತ್ತದೆ, ಟಾರಿನ ಮೇಲೆ ಜಾರಲಾಗದೆ ಶಾಫ್ಟ್, ಗೇರುಗಳ ಮೇಲೆ ತಿರುಚು ಬೀಳುತ್ತದೆ. ಬ್ರೇಕ್ ಹಿಡಿಯಲು ಹೊಸ ಗಾಡಿಗಿಂತ ಬಹಳ ಹೆಚ್ಚು ದೂರ ಬೇಕು ಎಂದು ಲೆಕ್ಕವಿಟ್ಟುಕೊಂಡು, ಹೆದ್ದಾರಿಯಲ್ಲಿ ಎಡ ಲೇನ್ ಬಿಡಬೇಡಿ.

ಕೋಲಾರ ಎಪಿಎಂಸಿ ಕಡೆ ಹೋದರೆ ಯಾರಾದರೂ ಕೇಳಿಯೇ ಕೇಳುತ್ತಾರೆ: "ಒಂದು ಲೋಡ್ ಟೊಮೇಟೊ ಹಾಕ್ಕೊಂಡು ಹೋಗಣ್ಣಾ, ಬಾಡಿಗೆ ಕೊಡ್ತೀವಿ." ನಕ್ಕು ಮುಂದೆ ಹೋಗಿ. ಪರ್ಮಿಟ್ ಇಲ್ಲದ ಗಾಡಿಯಲ್ಲಿ ಬಾಡಿಗೆ ಸರಕು ಹೇರಿದರೆ ನೋಂದಣಿ, ವಿಮೆ ಎರಡಕ್ಕೂ ಕುತ್ತು.

ತಿಂಗಳಿಗೆ ಒಮ್ಮೆಯಾದರೂ ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಓಡಿಸಿ, ಸುಮ್ನೆ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸುವುದು ಒಳ್ಳೆಯದಲ್ಲ, ಒಳಗೆ ತೇವ ಉಳಿಯುತ್ತದೆ. ಜಾಗ ಬದಲಿಸಿ ನಿಲ್ಲಿಸಿ, ಟೈರಿನ ಒಂದೇ ಕಡೆ ಭಾರ ಬೀಳದಿರಲಿ. ಡೀಸೆಲ್ ಟ್ಯಾಂಕ್ ತುಂಬಿಯೇ ಇಡಿ. ಗ್ರೀಸ್ ನಿಪ್ಪಲ್ ಎಲ್ಲೆಲ್ಲಿದೆ ಎಂದು ಒಂದು ಹಾಳೆಯಲ್ಲಿ ಚಿತ್ರ ಬರೆದು ಶೆಡ್ಡಿಗೆ ಅಂಟಿಸಿ. ಕೆಲವು ಕೈಗೆ ಸಿಗದ ಕಡೆ ಇರುತ್ತವೆ, ಅವೇ ಮೊದಲು ಒಣಗುವುದು. ಫಿಲ್ಟರ್, ಬೇರಿಂಗ್, ಆಯಿಲ್ ಸೀಲುಗಳ ಮೇಲೆ ಕೊರೆದ ನಂಬರುಗಳನ್ನು ಬಿಚ್ಚಿದಾಗಲೇ ಪುಸ್ತಕದಲ್ಲಿ ಬರೆದಿಡಿ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ "ಶಕ್ತಿಮಾನ್ ಬೇರಿಂಗ್ ಇದೆಯಾ?" ಎಂದರೆ ಇಲ್ಲ ಎನ್ನುತ್ತಾರೆ. ನಂಬರ್ ಹೇಳಿದರೆ ಅದೇ ಬೇರಿಂಗ್ ಬೇರೆ ಗಾಡಿಯ ಹೆಸರಿನ ಡಬ್ಬದಿಂದ ಹೊರಬರುತ್ತದೆ.